ಕೊಡಲಿಯ ಸಪ್ಪಳ

ಎಳ್ಳಮಾವಾಸ್ಯೆಗೆ ಇನ್ನೊಂದು ವಾರವಿದೆ ಎನ್ನುವಾಗಿನ ಗುರುವಾರ, ದನಗಳನ್ನು ಹೊರಗೆ ಬಿಡುವ ಹೊತ್ತು. ಕಮಲಾಪುರದಲ್ಲಿ ಊರಂಚಿಗಿದ್ದ ನಮ್ಮ ಮನೆಯ ಹಿತ್ತಲಲ್ಲಿ ನಾಲ್ವರಿದ್ದೆವು: ಅಪ್ಪನ ತಾಯಿ ಆಯಿ, ಅವ್ವ, ತಮ್ಮ ಶರಣು, ನಾನು. ಅಪ್ಪ ಹೊಲದ ಆಚೆ ಬದುವಿನಲ್ಲಿ, ಜಾಲಿ ಮರದ ಕೆಳಗೆ ನಿಂತಿದ್ದ. ಹತ್ತಿರ ಬರಲಿಲ್ಲ.

ಆಗಿನ ಕಾಲದಲ್ಲಿ, ನಿಜಾಮರ ರಾಜ್ಯದಲ್ಲಿ, ನಮ್ಮ ಕಡೆ ಪ್ಲೇಗು ಒಮ್ಮೆ ಬಂದು ಮುಗಿದುಹೋಗುವಂಥದ್ದಾಗಿರಲಿಲ್ಲ. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಜನ ಬಾಗಿಲು ಹಾಕಿ ಹೊಲಕ್ಕೆ ಹೋಗಿ ಗುಡಿಸಲು ಕಟ್ಟಿಕೊಂಡು ಇರುತ್ತಿದ್ದರು. ಹಿಂದಿನ ಪ್ಲೇಗಿನಲ್ಲಿ ನಮ್ಮವರು ಹೊರಡಲು ತಡಮಾಡಿದ್ದರಂತೆ. ಆಯಿ ಗಂಡನನ್ನು ಕಳೆದುಕೊಂಡಳು. ಆಮೇಲೆ ಮನೆಗೆ ಒಂದು ಶಿಸ್ತು ಬಂತು. ಪಡಸಾಲೆಯ ಗೋಡೆಗೆ ಗೂಟಗಳನ್ನು ಹೊಡೆಸಿ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟಳು. ಆಯಿಯ ಗೂಟಕ್ಕೆ ಉಪ್ಪು, ಅರಿಶಿನ, ಅಜವಾನ ಕಟ್ಟಿದ ಗಂಟು. ಅವ್ವನದಕ್ಕೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ ತುಂಬಿದ ಚೀಲ. ಶರಣುವಿನದಕ್ಕೆ ತಂಬಿಗೆ, ನನ್ನದಕ್ಕೆ ಒಲೆಯ ಕೆಂಡ ಒಯ್ಯುವ ಮಣ್ಣಿನ ಕುಡಿಕೆ. ಅಪ್ಪನದಕ್ಕೆ ಕೊಡಲಿ ಮತ್ತು ಹಗ್ಗ, ಗುಡಿಸಲು ಕಟ್ಟುವವನು ಅವನೇ ಆದ್ದರಿಂದ. ದೇವರನ್ನು ಹೊರುವ ಕೆಲಸ ಯಾರಿಗೂ ಇರಲಿಲ್ಲ. ನಮ್ಮ ಲಿಂಗ ನಮ್ಮ ಕೊರಳಲ್ಲೇ ಇರುತ್ತಿತ್ತು.

ಊಟದ ನಡುವೆ, ಇಲ್ಲವೇ ನಾವು ಕುಂಟಾಟ ಆಡುತ್ತಿರುವಾಗ ಆಯಿ ಇದ್ದಕ್ಕಿದ್ದಂತೆ "ಇಲಿ ಬಿತ್ತು" ಎನ್ನುತ್ತಿದ್ದಳು. ಆಗ ಕೈಲಿದ್ದುದನ್ನು ಬಿಟ್ಟು, ನಮ್ಮ ನಮ್ಮ ವಸ್ತು ಇಳಿಸಿಕೊಂಡು ಅಂಗಳದಲ್ಲಿ ಸಾಲಾಗಿ ನಿಲ್ಲಬೇಕು. ನಮಗೆ ಅದೂ ಒಂದು ಆಟ. ಅಪ್ಪ ಊರಲ್ಲಿದ್ದ ದಿನ ಬಾಯಿ ಒರೆಸಿಕೊಳ್ಳುತ್ತ ಕೊನೆಗೆ ಬರುತ್ತಿದ್ದ.

"ನಮ್ಮವ್ವ ನಿಜಾಮನ ಫೌಜಿನಾಗ ಇರಬೇಕಿತ್ತು ನೋಡು," ಎಂದು ನನ್ನ ಕಡೆ ಕಣ್ಣು ಮಿಟುಕಿಸುತ್ತಿದ್ದ.

"ಫೌಜಿನಾಗ ಹಿಂದ ಉಳದಂವಗ ಪಗಾರ ಕೊಡಂಗಿಲ್ಲ. ಕೊಡ್ಲಿ ಎಲ್ಲದ?" ಎನ್ನುತ್ತಿದ್ದಳು ಆಯಿ.

ನಾವು ಕಲಿತದ್ದೆಲ್ಲ ಮನೆಯಿಂದ ಹೊರಗೆ ಹೋಗುವುದನ್ನು. ಆ ವರ್ಷ ಪ್ಲೇಗಿನ ಬ್ಯಾನಿ ಮನೆಯೊಳಗೆ ಹುಟ್ಟಲಿಲ್ಲ, ದಾರಿ ಹಿಡಿದು ಬಂತು.

ಅಪ್ಪ ಕಲಬುರ್ಗಿಯ ಒಂದು ಅಡತಿ ಅಂಗಡಿಯಲ್ಲಿ ತೊಗರಿ ತೂಗುತ್ತಿದ್ದ. ಅಲ್ಲಿ ಚೀಲಗಳ ಸಂದಿಯಲ್ಲಿ ಇಲಿ ಬಿದ್ದವು. ಅಂಗಡಿ ಮುಚ್ಚಿತು. ಮಹಾಗಾಂವದವರೆಗೆ ಬಂಡಿ ಸಿಕ್ಕಿತ್ತು. ಶಹರದಿಂದ ಬಂದವನೆಂದು ತಿಳಿದ ಮೇಲೆ ಬಂಡಿಯವನು ಇಳಿಸಿಬಿಟ್ಟ. ಅಲ್ಲಿಂದ ನಡೆದು ಬಂದು ಆ ಗುರುವಾರ ಬದುವಿನಲ್ಲಿ ನಿಂತಿದ್ದ. ಬಗಲಲ್ಲಿ ಬಟ್ಟೆಯ ಗಂಟು.

"ಅಲ್ಲೇ ನಿಂದ್ರು," ಎಂದಳು ಆಯಿ.

"ಅಲ್ಲೇ ನಿಂತೀನಿ, ಯವ್ವಾ. ನೀ ಕಲಿಸಿದ್ದು ಮರತಿಲ್ಲ."

"ಜ್ವರ ಅದ ಏನು?"

"ಇಲ್ಲ. ಹಸಿವಿ ಅದ."

ಅವ್ವ ಅತ್ತೆಯ ಎದುರಿಗೆ ಗಂಡನ ಜೊತೆ ಮಾತಾಡುವವಳಲ್ಲ. ಎಷ್ಟು ದಿನ ಅಲ್ಲಿರಬೇಕೆಂದು ಕೇಳು ಅಂತ ನನ್ನ ಕಿವಿಯಲ್ಲಿ ಹೇಳಿದಳು. ನಾನು ಕೇಳುವ ಮೊದಲೇ ಆಯಿ, ಹುಣ್ಣಿಮೆ ಬೆಳಕು ಬರುವ ತನಕ ಎಂದಳು. ಅಷ್ಟರವರೆಗೆ ಜ್ವರ ಬರದಿದ್ದರೆ ಅಪ್ಪ ಹೊಸ್ತಿಲು ದಾಟಬಹುದು. ಗಂಟಿನಲ್ಲಿ ಶರಣುವಿಗೆಂದು ಶಹರದ ರೋಜಾ ಓಣಿಯ ಅಂಗಡಿಯಿಂದ ತಂದ ಬತ್ತಾಸು ಇದೆ ಎಂದು ಅಪ್ಪ ಕೂಗಿ ಹೇಳಿದ. ಅದೂ ನಿನ್ನ ಸಂಗಡ ಇರಲಿ ಎಂದಳು ಆಯಿ. ಶರಣು ಅತ್ತ.

ಗೂಟದಿಂದ ಕೊಡಲಿ, ಹಗ್ಗ ಇಳಿಸಿ, ನಡುಹೊಲದ ಕಲ್ಲಿನ ಮೇಲಿಟ್ಟು ಬಂದವಳು ನಾನು. ಅಪ್ಪ ಸಂಜೆಯೊಳಗೆ ಜೋಳದ ದಂಟಿನ ಗುಡಿಸಲು ಹಾಕಿಕೊಂಡ. ಆಯಿ ಒಂದು ಕಟ್ಟಳೆ ಮಾಡಿದಳು. ದಿನಾ ಬೆಳಿಗ್ಗೆ ಎದ್ದ ಕೂಡಲೇ ಅವನು ಜಾಲಿಯ ಕೊರಡಿಗೆ ಕೊಡಲಿ ಹಾಕಬೇಕು. ಸಪ್ಪಳ ಕೇಳಿದರೆ ಆರಾಮ ಇದ್ದಾನೆಂದು ಅರ್ಥ. ಆಮೇಲೆ ನಾನು ಕಲ್ಲಿನ ಮೇಲೆ ರೊಟ್ಟಿ ಇಟ್ಟು ಹಿಂದೆ ನೋಡದೆ ಬರಬೇಕು.

ಅವ್ವ ನಸುಕಿನಲ್ಲೇ ಬೀಸಲು ಕೂಡುತ್ತಿದ್ದಳು. ಬೀಸುತ್ತ ಬೀಸುತ್ತ ನಡುವೆ ಕೈ ನಿಲ್ಲಿಸುತ್ತಿದ್ದಳು. ಹೊಲದಿಂದ ಕೊಡಲಿಯ ಸಪ್ಪಳ ಬಂದ ಮೇಲೆ ಕಲ್ಲು ಮತ್ತೆ ತಿರುಗುತ್ತಿತ್ತು. ಅವಳು ಅವನೊಂದಿಗೆ ಆಡಿದ ಮಾತು ಅದೊಂದೇ.

ಎಳ್ಳಮಾವಾಸ್ಯೆಯ ದಿನ ಎಲ್ಲರ ಹೊಲಗಳಲ್ಲೂ ಹಬ್ಬದೂಟಕ್ಕೆ ಬಂದ ಜನ. ಗಾಳಿಯಲ್ಲಿ ಭಜ್ಜಿ ಪಲ್ಯದ ವಾಸನೆ. ನಾವು ನಡುಹೊಲದ ಕಲ್ಲಿನ ಈಚೆ ಕೂತೆವು, ಅಪ್ಪ ಆಚೆ ಕೂತ. ಸಜ್ಜೆ ರೊಟ್ಟಿ ದಪ್ಪ ಆಗ್ಯಾವ ಅಂತ ನಿಮ್ಮವ್ವಗ ಹೇಳು ಎಂದು ನನ್ನನ್ನು ಕರೆದು ಕೂಗಿದ. ಅವ್ವ ಸೆರಗು ಬಾಯಿಗಿಟ್ಟು ನಕ್ಕಳು.

ಮರುದಿನ ಬೆಳಿಗ್ಗೆ ಬೀಸುಕಲ್ಲು ನಿಂತದ್ದು ಮತ್ತೆ ತಿರುಗಲಿಲ್ಲ.

ಬಿಸಿಲು ಅಂಗಳಕ್ಕೆ ಬಂತು. ಸಪ್ಪಳವಿಲ್ಲ. ಅವ್ವ ಎದ್ದು ಹಿತ್ತಲ ಬಾಗಿಲ ತನಕ ಹೋದಳು. ಆಯಿ ಅಡ್ಡ ನಿಂತಳು.

"ನಾ ಹೋಗ್ತೀನ್ರಿ," ಎಂದಳು ಅವ್ವ. ಆಯಿಯ ಮುಖ ನೋಡಿ ಅವಳು ಮಾತಾಡಿದ್ದನ್ನು ನಾನು ಕಂಡದ್ದು ಅಂದೇ ಮೊದಲು.

"ನಿಂಗ ಎರಡು ಕೂಸು ಅವ. ನಂಗ ಇದ್ದದ್ದು ಒಂದು, ಅದು ಅಲ್ಲಿ ಅದ. ಬಾಜೂ ಸರಿ."

ಆಯಿ ತನ್ನ ಗಂಟು ಇಳಿಸಿಕೊಂಡು ಹೊಲ ದಾಟಿ ಹೋದಳು. ಆವತ್ತಿನಿಂದ ಕಲ್ಲಿನ ಮೇಲೆ ಇಬ್ಬರ ರೊಟ್ಟಿ ಇಟ್ಟೆ. ಆಮೇಲೆ ಒಬ್ಬರದು. ಊರಿನವರು ಯಾರೂ ಬರಲಿಲ್ಲ. ಬರಬಾರದೆಂದು ಆಯಿಯೇ ಕೂಗಿ ಹೇಳಿದ್ದಳು. ಬದುವಿನಲ್ಲಿ ಗುಂಡಿ ತೋಡಿ ಮಗನನ್ನು ಮಣ್ಣು ಮಾಡಿದವಳೂ ಅವಳೇ. ಗುಡಿಸಲಿಗೆ ಬೆಂಕಿ ಇಟ್ಟಾಗ ನಾವು ಹಿತ್ತಲಲ್ಲಿ ನಿಂತು ನೋಡಿದೆವು. ಹೊಗೆಯ ಜೊತೆ ಸಕ್ಕರೆ ಸುಟ್ಟ ವಾಸನೆ ಬಂತು. ಬತ್ತಾಸು ಎಂದ ಶರಣು. ಯಾರೂ ಅಳಲಿಲ್ಲ. ಅಳು ಬರುತ್ತದೆಂದು ಕಾಯುತ್ತಿದ್ದೆ, ಬರಲಿಲ್ಲ.

ಮಗನಿಗೆ ಹೇಳಿದ ಅವಧಿಯನ್ನೇ ಆಯಿ ತಾನೂ ಬಯಲಲ್ಲಿ ಕಳೆದು, ಜ್ವರವಿಲ್ಲದೆ ಬಂದಳು. ಬಾವಿಯ ಹತ್ತಿರ ಸೀರೆ ಸುಟ್ಟು, ಬೇವಿನ ನೀರಲ್ಲಿ ಮಿಂದು, ಅವ್ವ ದೂರದಿಂದ ಇಟ್ಟ ಸೀರೆ ಉಟ್ಟು ಹೊಸ್ತಿಲು ದಾಟಿದಳು. ಕೈಯಲ್ಲಿ ಬೂದಿಯಿಂದ ಹೆಕ್ಕಿದ ಕೊಡಲಿಯ ತಲೆ ಇತ್ತು. ಹಿಡಿಯುವ ಮರದ ಕಾವು ಸುಟ್ಟುಹೋಗಿತ್ತು.

ಈಗ ನನ್ನ ಮನೆಯಲ್ಲಿ ಬ್ಯಾಟರಿ ಇದೆ, ಔಷಧಿಯ ಡಬ್ಬಿ ಇದೆ, ಎಲ್ಲ ಒಂದೇ ಕಪಾಟಿನಲ್ಲಿ. ಏನಾದರೂ ಆದರೆ ಯಾರು ಯಾವುದನ್ನು ಹಿಡಿಯಬೇಕೆಂದು ಮೊಮ್ಮಕ್ಕಳಿಗೆ ಹೇಳಿಕೊಡುತ್ತೇನೆ, ನಗುತ್ತಾರೆ. ನಾವೂ ನಗುತ್ತಿದ್ದೆವು. ಆದರೆ ನಮಗೆ ನಮ್ಮ ನಮ್ಮ ಗೂಟವಿತ್ತು. ಒಂದು ಖಾಲಿಯಾದರೆ ಮನೆಗೆಲ್ಲ ಕಾಣುತ್ತಿತ್ತು.

ಆಯಿ ಹೊಸ್ತಿಲು ದಾಟಿ ಬಂದ ಆ ದಿನ ಉಳಿದಿದ್ದ ಕೆಲಸ ಕೊಡಲಿಗೆ ಕಾವು ಹಾಕುವುದು. ಆಯಿ ಜಾಲಿಯ ಕಟ್ಟಿಗೆ ಕೆತ್ತಿ, ತಲೆ ಕೂಡಿಸಿ, ಬೆಣೆ ಬಡಿದು ನನ್ನ ಕೈಗೆ ಕೊಟ್ಟಳು.

"ಇನ್ನ ಮ್ಯಾಲ ಇದು ನಿಂದು. ಗಟ್ಟಿ ಕುಂತದೇನು ನೋಡು."

ಹಿತ್ತಲ ಕೊರಡಿಗೆ ಒಂದು ಏಟು ಹಾಕಿದೆ. ಒಳಗೆ ಸಂಜೆಯ ರೊಟ್ಟಿಗೆ ಬೀಸುತ್ತಿದ್ದ ಕಲ್ಲು ಸಟ್ಟನೆ ನಿಂತಿತು. ನಾನೂ ಆಯಿಯೂ ಅಲುಗಾಡಲಿಲ್ಲ. ಬಹಳ ಹೊತ್ತಿನ ಮೇಲೆ ಕಲ್ಲು ನಿಧಾನವಾಗಿ ತಿರುಗತೊಡಗಿತು. ನಾನು ಒಳಗೆ ಹೋಗಿ ಕೊಡಲಿಯನ್ನು ಅಪ್ಪನ ಗೂಟಕ್ಕೆ ತೂಗುಹಾಕಿದೆ.