ಪಿನಿಯನ್ನಿನ ಬಾಯಿ

ಯಂತ್ರ ಕೊಳ್ಳುವವರಿಗೆ ನಾನು ಇವತ್ತಿಗೂ ಹೇಳುವುದು ಒಂದೇ ಮಾತು: ಮೊದಲು ಹಲ್ಲುಚಕ್ರಕ್ಕೆ ಮುಚ್ಚಳ ಇದೆಯೇ ನೋಡಿ, ಚೌಕಾಸಿ ಆಮೇಲೆ ಮಾಡಿ. ಇದನ್ನು ಕಲಿಸಿದವನು ನಿಜಾಮರ ಕಾಲದಲ್ಲಿ ಸಿಂಧನೂರಿನಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿದ್ದ ಮಸ್ಕಿಯ ಮಿಸ್ತ್ರಿ. ನಾನಾಗ ಅಲ್ಲಿ ಹತ್ತಿ ದಲ್ಲಾಳಿ.

ಗ್ರೀಸು ಮೆತ್ತಿದ ಹೆಬ್ಬೆರಳನ್ನು ಗಡ್ಡಕ್ಕೆ ಒರೆಸಿಕೊಳ್ಳುತ್ತ ಆತ ಹೋದಬಂದವರಿಗೆಲ್ಲ ಗದರುತ್ತಿದ್ದ: "ದೂರ ನಿಂದರ್ರಿ, ಹಲ್ಲಿಗೆ ಕಣ್ಣಿಲ್ಲ!" ದೊಡ್ಡ ಚಕ್ರ ಒಂದು ಸುತ್ತು ಮುಗಿಸುವಷ್ಟರಲ್ಲಿ ಅದನ್ನು ತಿರುಗಿಸುವ ಪಿನಿಯನ್ ಎಂಬ ಸಣ್ಣ ಹಲ್ಲುಚಕ್ರ ಹಲವು ಸುತ್ತು ಹೊಡೆದಿರುತ್ತದೆ. ಎರಡರ ಹಲ್ಲು ಕೂಡುವಲ್ಲಿ ಸಿಕ್ಕಿದ್ದು ಒಳಗೇ ಹೋಗುತ್ತದೆ.

ಒಂದು ದಿನ ಹತ್ತಿ ಹಾಕುವ ಹೆಂಗಸಿನ ಸೆರಗು ಅಲ್ಲಿ ಸಿಕ್ಕಿಕೊಂಡಿತು. ಸೀರೆ ಹರಿದಿದ್ದರಿಂದ ಜೀವ ಉಳಿಯಿತು. ಮಿಸ್ತ್ರಿ ಎಷ್ಟು ಸಲ ಕೇಳಿದರೂ ತಗಡಿನ ಮುಚ್ಚಳ ಹಾಕಿಸದ ಜಿನ್ನಿನ ಮಾಲೀಕ ಸಾವ್ಕಾರ, ಹರಿದ ಸೀರೆ ಸುತ್ತಿಕೊಂಡು ಕುಳಿತಿದ್ದ ಆಕೆಗೇ ಬೈದ: "ಸೆರಗು ನಡಕ್ಕ ಸಿಗಿಸ್ಕೊಳ್ಳಾಕ ಏನ್ ಧಾಡಿಯಾಗಿತ್ತು ನಿನಗ?"

ನೆನೆದರೆ ಈಗಲೂ ಮೈ ಉರಿಯುತ್ತದೆ. ಮಿಸ್ತ್ರಿ ಯಂತ್ರವನ್ನು ಮತ್ತೆ ಶುರು ಮಾಡಿ, ಸಾವ್ಕಾರನ ಹೆಗಲ ಮೇಲಿನ ಜರಿ ಶಲ್ಯವನ್ನು ಎಳೆದು ಅದರ ತುದಿಯನ್ನು ಪಿನಿಯನ್ನಿಗೆ ಹಿಡಿದ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಶಲ್ಯ ಚಿಂದಿಯಾಯಿತು.

"ನೀವ್ಯಾಕ ಸಿಗಿಸ್ಕೊಂಡಿರಲಿಲ್ರೀ ಸಾವ್ಕಾರ್ರ?"

ಸಂಜೆಯೊಳಗೆ ತಗಡು ಬಂತು. ಮಿಸ್ತ್ರಿ ಮೊಳೆ ಬಡಿಯುತ್ತಿದ್ದಾಗ ಸಾವ್ಕಾರ ಕೂಗಾಡಿದ: "ನನ್ನ ಶಲ್ಯ ನಿಮ್ಮಪ್ಪ ಕೊಡಸ್ತಾನೇನಲೇ?"

"ಮೊದಲ ಆಕೀಗೆ ಸೀರಿ ತರ್ರಿ," ಎಂದ ಆತ, ತಲೆ ಎತ್ತದೆ. "ಆಮ್ಯಾಲ ಶಲ್ಯದ ಮಾತು."