ಗಲೀನಾ ಅಜ್ಜಿಯ ಹಿತ್ತಲಿಗೆ ಮುಯ್ಯಾಳು

ಕೋವಿಡ್ ಗಲಾಟೆ ತಣ್ಣಗಾಗಿ ಎರಡು ಮೂರು ವರ್ಷವಾಗಿತ್ತು. ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ರಷ್ಯನ್ ದುಭಾಷಿಯಾಗಿ ಆಯುಷ್ಯದ ಬಹುಭಾಗ ಸವೆಸಿ, ನಿವೃತ್ತಳಾಗಿ ಮುಳಬಾಗಿಲಿನ ಮನೆ ಸೇರಿದ್ದೆ. ಯಂತ್ರಗಳ ಮ್ಯಾನ್ಯುಯಲ್ ಅನುವಾದಿಸುವುದು, ರಷ್ಯದಿಂದ ಬಂದ ಎಂಜಿನಿಯರುಗಳ ಸಿಡುಕನ್ನು ನಮ್ಮವರಿಗೆ ತಲುಪಿಸುವುದು, ನಮ್ಮವರ ಸಬೂಬುಗಳನ್ನು ಅವರಿಗೆ ತಲುಪಿಸುವುದು, ಇದೇ ನನ್ನ ವೃತ್ತಿ. ಇನ್ನು ಸಾಕಪ್ಪಾ ಎಂದುಕೊಂಡಿರುವಾಗ ಒಂದು ಏಜೆನ್ಸಿಯವರು ಫೋನ್ ಮಾಡಿದರು. ಮಾಸ್ಕೋದಿಂದ ದಕ್ಷಿಣಕ್ಕೆ ಬಹಳ ದೂರದಲ್ಲಿರುವ ಒಂದು ದೊಡ್ಡ ಡೈರಿ ಫಾರಂಗೆ ಭಾರತದಿಂದ ಕೆಲಸಗಾರರು ಬೇಕಾಗಿದ್ದರು. ಹಸುವಿನ ಜೊತೆ ಬೆಳೆದವರೇ ಬೇಕೆಂದು ಕೋಲಾರ, ಶ್ರೀನಿವಾಸಪುರದ ಕಡೆಯವರನ್ನು ಆರಿಸಿದ್ದರು. ನಾನು ಅವರಿಗೆ ಭಾಷೆ ಕಲಿಸಬೇಕು, ಆಮೇಲೆ ಜೊತೆಗೆ ಹೋಗಿ ದುಭಾಷಿಯಾಗಿ ಇರಬೇಕು. ಮನೆಯಲ್ಲಿ ಕೂತು ಟಿವಿ ನೋಡುವುದಕ್ಕಿಂತ ವಾಸಿ ಎಂದು ಒಪ್ಪಿಕೊಂಡೆ.

ಮಾಲೂರಿನಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ಪಾಠ ಶುರುವಾಯಿತು. ರಷ್ಯದಲ್ಲಿ ಹೊರಗಿನವರಿಗೆ ಕೆಲಸದ ಪರವಾನಗಿ, ಅಂದರೆ ವರ್ಕ್ ಪರ್ಮಿಟ್, ಸಿಗಬೇಕಾದರೆ ಮೊದಲು ಒಂದು ಪರೀಕ್ಷೆ ಪಾಸಾಗಬೇಕು. ಅದರಲ್ಲಿ ರಷ್ಯನ್ ಭಾಷೆ, ರಷ್ಯದ ಇತಿಹಾಸ, ಅಲ್ಲಿನ ಕಾನೂನು ಮೂರೂ ಇರುತ್ತವೆ. ನಮ್ಮ ಜನಕ್ಕೆ ಭಾಷೆಗಿಂತ ಇತಿಹಾಸ ಕಷ್ಟವಾಯಿತು. ಕ್ಯಾಲನೂರಿನ ಮುನಿರಾಜು ಒಂದು ದಿನ ಪುಸ್ತಕ ಮುಚ್ಚಿಬಿಟ್ಟ.

"ಹಸು ಕರ್ಯೋಕೆ ಹೋಗೋನಿಗೆ ಅವರ ರಾಜರ ಹೆಸರೆಲ್ಲ ಯಾಕೆ ಮೇಡಂ?"

"ಇಲ್ಲಿ ಫ್ಯಾಕ್ಟರಿಗೆ ಬರೋ ಹೊರಗಿನ ಹುಡುಗರು ಕನ್ನಡ ಕಲೀಬೇಕು ಅಂತ ನೀವೇ ತಾನೆ ತಕರಾರು ತೆಗೆಯೋದು?" ಎಂದೆ.

"ಅದು ಬೇರೆ ಮೇಡಂ," ಎಂದ. ಆ 'ಅದು ಬೇರೆ'ಯನ್ನು ಮುಂದೆ ರಷ್ಯನ್ ಭಾಷೆಯಲ್ಲೂ ಬೇಕಾದಷ್ಟು ಸಲ ಕೇಳಿದೆ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಸಂತೆಯಲ್ಲಿ ಉರ್ದು ಆಡುವ ನಮ್ಮ ಕಡೆಯವರೇ ಈ ಮಾತು ಹೇಳಿದರೆ ಬೇರೆಯವರನ್ನು ಏನೆನ್ನುವುದು.

ಮುನಿರಾಜು ಮೂವತ್ತು ದಾಟಿದವನು, ಗಟ್ಟಿಮುಟ್ಟಾದ ಆಳು, ಮಾತು ಕಡಿಮೆ. ಅಪ್ಪ ತೀರಿಕೊಂಡ ಮೇಲೆ ಅಣ್ಣನ ಯಜಮಾನಿಕೆಯಲ್ಲಿ ಬೆಳೆದವನು. ಹಸುಗಳೂ ಅಣ್ಣನವು, ಡೈರಿಗೆ ಹೋಗುವ ಹಾಲೂ ಅಣ್ಣನ ಹೆಸರಿನದು. ಇವನು ಊಟಕ್ಕೆ ಮನೆಯವನು, ಕೆಲಸಕ್ಕೆ ಆಳು. ಇದನ್ನು ಅವನೇ ಒಮ್ಮೆ, ದೂರಿನ ದನಿಯಿಲ್ಲದೆ, ನನಗೆ ಹೇಳಿದ್ದ. ಪರೀಕ್ಷೆ ಹೇಗೋ ಪಾಸಾದ.

ಫಾರಂ ಇದ್ದ ಹಳ್ಳಿ ಚಿಕ್ಕದು. ಹರೆಯದವರೆಲ್ಲ ಪಟ್ಟಣ ಸೇರಿದ್ದರು. ಹಾಲು ಕರೆಯಲು ಊರಿನಲ್ಲಿ ಜನ ಸಿಗುತ್ತಿರಲಿಲ್ಲ, ಹೊರಗಿನಿಂದ ಕರೆಸಿದರೆ ಊರಿನವರು ಸಹಿಸುತ್ತಿರಲಿಲ್ಲ. ಆ ಕಾಲಕ್ಕೆ ದೇಶದಲ್ಲೆಲ್ಲ ವಲಸಿಗರ ಮೇಲಿನ ಕಾನೂನು ವರ್ಷದಿಂದ ವರ್ಷಕ್ಕೆ ಬಿಗಿಯಾಗುತ್ತಿತ್ತು. ಟಿವಿ ಹಾಕಿದರೆ ಅದೇ ಚರ್ಚೆ: ರಷ್ಯನ್ ಎಂದರೆ ಯಾರು, ನಮ್ಮ ಭಾಷೆ, ನಮ್ಮ ಪದ್ಧತಿ ಏನಾಗಬೇಕು, ಇವರೆಲ್ಲ ಯಾಕೆ ಬಂದರು. ಮಧ್ಯ ಏಷ್ಯಾದಿಂದ ಬಂದ ಕೂಲಿಯವರ ಮೇಲೆ ಇದ್ದ ಸಿಟ್ಟು ಕೋಲಾರದವರ ಮೇಲೂ ಸಿಡಿಯುತ್ತಿತ್ತು. ಅವರ ಲೆಕ್ಕದಲ್ಲಿ ಕಪ್ಪು ಕೂದಲಿನವರೆಲ್ಲ ಒಂದೇ.

ನಮ್ಮವರ ಹಾಸ್ಟೆಲಿಗೆ ಬೇಲಿ ಹಂಚಿಕೊಂಡ ಮನೆ ಗಲೀನಾ ಪೆಟ್ರೋವ್ನಾ ಎಂಬ ಮುದುಕಿಯದು. ಹಳೆಯ ಸಾಮೂಹಿಕ ಫಾರಂನಲ್ಲಿ ಹಾಲು ಕರೆಯುವ ಕೆಲಸ ಮಾಡಿ ಪಿಂಚಣಿ ಪಡೆಯುತ್ತಿದ್ದವಳು, ವಿಧವೆ, ಬಾಯಿ ಜೋರು. ನಾವು ಬಂದಿಳಿದ ದಿನವೇ ಬೇಲಿಯ ಬಳಿ ನನ್ನನ್ನು ನಿಲ್ಲಿಸಿಕೊಂಡಳು.

"ಹೊರಗಿನವರನ್ನೆಲ್ಲ ತಂದು ತುಂಬ್ತಾ ಇದ್ದೀರಲ್ಲ, ಇನ್ನೊಂದಷ್ಟು ವರ್ಷಕ್ಕೆ ಈ ಊರಲ್ಲಿ ರಷ್ಯನ್ ಮಾತಾಡೋರು ಯಾರಿರ್ತಾರೆ?"

"ಅವ್ವ ಏನಂತಾರೆ?" ಎಂದು ಮುನಿರಾಜು ಕೇಳಿದ. ನಮ್ಮ ಕಡೆ ಅಜ್ಜಿಯನ್ನು ಅವ್ವ ಎನ್ನುವುದು ರೂಢಿ.

"ನೀವೆಲ್ಲ ಯಾಕೆ ಬಂದ್ರಿ ಅಂತಾರೆ."

"ಹಾಲು ಕರ್ಯೋಕೆ ಅಂತ ಹೇಳಿ."

ಹೇಳಿದೆ. ಮುದುಕಿ ಅವನ ಕೈಗಳನ್ನು ಒಂದು ಗಳಿಗೆ ನೋಡಿ ಒಳಗೆ ಹೋದಳು.

ಅವರಿಬ್ಬರ ಸ್ನೇಹ ಹೇಗೆ ಬೆಳೆಯಿತೋ ನನಗೆ ಪೂರ್ತಿ ಗೊತ್ತಿಲ್ಲ. ಚಳಿಗಾಲ ಮುಗಿಯುತ್ತಿದ್ದ ಹಾಗೆ ಮುನಿರಾಜು ಹಾಸ್ಟೆಲಿನ ಹಿಂದೆ ಕೊತ್ತಂಬರಿ ಬಿತ್ತಲು ನೆಲ ಕೆದಕಿದ. ಬೇಲಿಯಾಚೆಯಿಂದ ಅವಳು ಬೈದಳು. ಇನ್ನೂ ಹಿಮ ಬೀಳುತ್ತದೆ, ಬೀಜ ಹಾಳು ಮಾಡಬೇಡ ಎಂದು ಅರ್ಥ. ಆಮೇಲೆ ಇವನು ಅವಳನ್ನು ಕೇಳದೆ ಒಂದು ಪಾತಿಯನ್ನೂ ಮಾಡಲಿಲ್ಲ. ಫಾರಂನಲ್ಲೂ ಅವನಿಗೆ ಒಳ್ಳೆಯದಾಗುತ್ತಿತ್ತು. ಸಾಯುತ್ತಿದ್ದ ಒಂದೆರಡು ಕರುಗಳನ್ನು ಉಳಿಸಿಕೊಂಡದ್ದನ್ನು ನೋಡಿ ಮ್ಯಾನೇಜರು, ಹಾಲು ಕರೆಯುವ ಪಾಳಿಯ ಜೊತೆಗೆ, ಕರುಗಳ ಕೊಟ್ಟಿಗೆಯನ್ನೇ ಇವನಿಗೆ ಒಪ್ಪಿಸಿದರು. ಊರಿಗೆ ಫೋನ್ ಮಾಡಿ ಹೆಂಡತಿಗೆ ಅದನ್ನು ಹೇಳುವಾಗ ನಾನು ಪಕ್ಕದಲ್ಲೇ ಇದ್ದೆ. "ನಂದೇ ಕೊಟ್ಟಿಗೆ ಕಣೇ, ಯಾರನ್ನೂ ಕೇಳೋ ಹಂಗಿಲ್ಲ," ಎಂದ. ಅಷ್ಟು ಉದ್ದದ ಮಾತನ್ನು ಅವನು ಫೋನಿನಲ್ಲಿ ಆಡಿದ್ದು ಅಪರೂಪ.

ಸೆಪ್ಟೆಂಬರಿನಲ್ಲಿ ಆ ಊರಿನಲ್ಲಿ ಎಲ್ಲರೂ ಆಲೂಗಡ್ಡೆ ಅಗೆಯುತ್ತಾರೆ. ಗಲೀನಾಳಿಗೆ ಆ ವರ್ಷ ಮಂಡಿ ನೋವು. ಮುನಿರಾಜು ನನ್ನನ್ನು ಬೇಲಿಯ ಹತ್ತಿರ ಕರೆದುಕೊಂಡು ಹೋದ.

"ನನ್ನ ರಜಾ ದಿನ ಬಂದು ಅಗೆದುಕೊಡ್ತೀನಿ ಅಂತ ಹೇಳಿ ಮೇಡಂ. ನಮ್ಮ ಕೆಲಸ ಬಿದ್ದಾಗ ಅವ್ವನೂ ಒಂದು ದಿನ ಬರಲಿ. ಮುಯ್ಯಿ."

ರಾಗಿ, ತರಕಾರಿ, ಹಿಪ್ಪುನೇರಳೆ ಬೆಳೆಯುವ ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಎಂದರೆ ಬಿಡಿಸಿ ಹೇಳಬೇಕಿಲ್ಲ. ನಿನ್ನ ಹೊಲಕ್ಕೆ ನಾನೊಂದು ದಿನ, ನನ್ನ ಹೊಲಕ್ಕೆ ನೀನೊಂದು ದಿನ. ಕೂಲಿಯೂ ಅಲ್ಲ, ದಾನವೂ ಅಲ್ಲ. ನಾನು ಅದನ್ನು ರಷ್ಯನ್ನಿನಲ್ಲಿ ಹೇಳಿದಾಗ ಮುದುಕಿ ತಡಮಾಡದೆ ತಲೆಯಾಡಿಸಿದಳು. ತನ್ನ ತಾಯಿಯ ಕಾಲದಲ್ಲಿ ಇಲ್ಲೂ ಹೀಗೇ ಇತ್ತು ಎಂದಳು.

ಆ ರಜಾ ದಿನ ಬೆಳಿಗ್ಗೆ ಇವನು ಗುದ್ದಲಿ ಹಿಡಿದು ಅವಳ ಹಿತ್ತಲಿನಲ್ಲಿ ನಿಂತಿದ್ದನ್ನು ಊರಿನವರು ಯಾರೋ ಮೊಬೈಲಿನಲ್ಲಿ ಫೋಟೊ ತೆಗೆದು ಊರಿನ ಗ್ರೂಪಿಗೆ ಹಾಕಿದರು. ಹೊರಗಿನವರು ಈಗ ಮನೆ ಹಿತ್ತಲಿಗೂ ಬಂದರು ಎಂದು ಕೆಳಗೆ ಬರೆದಿದ್ದರಂತೆ. ಮಧ್ಯಾಹ್ನಕ್ಕೆ ಪೊಲೀಸರ ಜೊತೆ ವಲಸೆ ವಿಭಾಗದ ಇನ್ಸ್‌ಪೆಕ್ಟರು ಬಂದರು. ವರ್ಕ್ ಪರ್ಮಿಟ್‌ನಲ್ಲಿ ಕೆಲಸ ಯಾವುದು, ಯಾರ ಬಳಿ ಎಂದು ನಮೂದಾಗಿರುತ್ತದೆ. ಅದನ್ನು ಬಿಟ್ಟು ಬೇರೆ ಕಡೆ ದುಡಿದರೆ ದಂಡದ ಜೊತೆ ಗಡೀಪಾರನ್ನೂ ಮಾಡಬಹುದು. ಹಾಗೆ ಹೋದವನಿಗೆ ವರ್ಷಗಟ್ಟಲೆ ಆ ದೇಶದ ಬಾಗಿಲು ಮುಚ್ಚಿದ ಹಾಗೆ. ಮುನಿರಾಜುವಿಗೆ ಅದರರ್ಥ ಒಂದೇ: ಕರುಗಳ ಕೊಟ್ಟಿಗೆ ಬಿಟ್ಟು ಮತ್ತೆ ಅಣ್ಣನ ಕೊಟ್ಟಿಗೆಗೆ.

ಫಾರಂನ ವಕೀಲರು ಒಳ್ಳೆಯವರು, ಚುಟುಕಾಗಿ ಹೇಳಿದರು. ವಯಸ್ಸಾದ ನೆರೆಯವಳಿಗೆ ಕನಿಕರದಿಂದ ಪುಕ್ಕಟೆ ಸಹಾಯ ಮಾಡಿದೆ, ಪ್ರತಿಯಾಗಿ ಏನೂ ಇಲ್ಲ ಎಂದರೆ ಕೇಸು ನಿಲ್ಲುವುದಿಲ್ಲ. ಪ್ರತಿಫಲದ ಮಾತು ಬಂದರೆ ಮುಗಿಯಿತು. ಕೋರ್ಟಿಗೆ ಹೋಗುವ ದಾರಿಯಲ್ಲಿ ನಾನು ಇದನ್ನು ಮುನಿರಾಜುವಿಗೆ ವಿವರಿಸಿದೆ. ಅವನು ಕಿಟಕಿಯ ಹೊರಗೆ ನೋಡುತ್ತ ಕೇಳಿಸಿಕೊಂಡ.

"ಬಿಟ್ಟಿ ಮಾಡ್ದೆ ಅನ್ನಬೇಕಾ?"

"ಹೂಂ ಕಣಪ್ಪಾ. ಅಷ್ಟೇ."

"ಅಣ್ಣನ ಮನೇಲಿ ಮಾಡಿದ್ದು ಬಿಟ್ಟಿ ಮೇಡಂ. ಇದು ಬಿಟ್ಟಿ ಅಲ್ಲ. ಅವ್ವ ನನ್ನ ಹತ್ರ ಬಿಟ್ಟಿ ಚಾಕರಿ ಮಾಡಿಸ್ಕೊಂಡ್ರು ಅಂತ ನಾಲ್ಕು ಜನದ ಮುಂದೆ ಹೆಂಗೆ ಹೇಳಲಿ?"

ನನಗೆ ರೇಗಿತು. ಇದು ಮರ್ಯಾದೆಯ ಪ್ರಶ್ನೆ ಅಲ್ಲ, ನಿನ್ನ ಅನ್ನದ ಪ್ರಶ್ನೆ ಎಂದು ಗದರಿದೆ. ಅವನು ಮತ್ತೆ ಕಿಟಕಿಯ ಕಡೆ ತಿರುಗಿದ. ಒಪ್ಪಿಕೊಂಡ ಎಂದೇ ತಿಳಿದೆ.

ನ್ಯಾಯಾಧೀಶರು ನಡುವಯಸ್ಸಿನ ಹೆಂಗಸು, ದಣಿದ ಮುಖ. ಅಂದು ಇಂಥವೇ ಕೇಸುಗಳು ಕಾರಿಡಾರಿನ ತುಂಬ ಕಾದಿದ್ದವು. ಸುಳ್ಳು ಅನುವಾದ ಮಾಡಿದರೆ ಶಿಕ್ಷೆಯಾಗುತ್ತದೆ ಎಂದು ನನಗೆ ಮೊದಲೇ ಎಚ್ಚರಿಸಿ ಸಹಿ ಹಾಕಿಸಿಕೊಂಡರು. ಆಮೇಲೆ ಮುನಿರಾಜುವನ್ನು ಕೇಳಿದರು: ಆಕೆಯಿಂದ ನೀವು ಪ್ರತಿಯಾಗಿ ಏನಾದರೂ ಪಡೆದಿರಾ?

"ಇನ್ನೂ ಇಲ್ಲ," ಎಂದ ಮುನಿರಾಜು. "ನಮ್ಮ ಕೆಲಸಕ್ಕೆ ಒಂದು ದಿನ ಬರ್ತಾರೆ. ಮುಯ್ಯಿ. ಬಿಟ್ಟಿ ಅಲ್ಲ."

ಕಾರ್ಖಾನೆಯಲ್ಲಿ ನಾನು ಎಷ್ಟೋ ಮಾತಿನ ಮುಳ್ಳು ಮುರಿದು ದಾಟಿಸಿದವಳು. ಅಲ್ಲಿ ನಿಂತಾಗಲೂ ನಾಲಿಗೆ ಒಂದು ಗಳಿಗೆ ತಡೆಯಿತು. 'ಇಲ್ಲ' ಎಂಬಷ್ಟನ್ನೇ ಹೇಳಿ ಉಳಿದದ್ದನ್ನು ನುಂಗಿಬಿಟ್ಟರೆ ಆ ಕೋಣೆಯಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ, ಅವನೊಬ್ಬನನ್ನು ಬಿಟ್ಟು. ಅವನು ನನ್ನನ್ನೇ ನೋಡುತ್ತಿದ್ದ. ಅವನಿಗೆ ಅಷ್ಟು ರಷ್ಯನ್ ಬರುತ್ತಿತ್ತು, ಕಲಿಸಿದವಳು ನಾನೇ. ಅವನು ಹೇಳಿದ್ದನ್ನೆಲ್ಲ ಹೇಳಿದೆ.

ಸಾಕ್ಷಿಯಾಗಿ ಬಂದಿದ್ದ ಗಲೀನಾ ಕೋಲೂರಿಕೊಂಡು ಎದ್ದಳು. ನ್ಯಾಯಾಧೀಶರು ಅವಳನ್ನೂ ಕೇಳಿದರು: ನೀವು ಪ್ರತಿಯಾಗಿ ದುಡಿಯಲು ಒಪ್ಪಿದ್ದು ನಿಜವೇ?

"ನಿಜ. ಯಾಕೆ ಒಪ್ಪಬಾರದು? ನಾನೇನು ಭಿಕ್ಷೆ ಬೇಡೋಳಾ? ನಮ್ಮೂರಲ್ಲಿ ಹಿಂದೆ ಎಲ್ಲರೂ ಹೀಗೇ ಬದುಕಿದ್ದು. ಆಗ ಇದನ್ನು ಕೇಳೋಕೆ ಪೊಲೀಸರು ಬರ್ತಿರಲಿಲ್ಲ."

ವಕೀಲರು ಕಣ್ಣು ಮುಚ್ಚಿಕೊಂಡರು. ಒಬ್ಬರ ಮರ್ಯಾದೆ ಇನ್ನೊಬ್ಬರು ಕಾಪಾಡಲು ಹೋಗಿ ಇಬ್ಬರೂ ಸೇರಿ ಕೇಸನ್ನು ಮುಗಿಸಿದ್ದರು. ಕಾನೂನು ಸಂಬಳಕ್ಕೂ ಪ್ರತಿಯಾಗಿ ಸಿಗುವ ಕೆಲಸಕ್ಕೂ ಭೇದ ಎಣಿಸುವುದಿಲ್ಲ ಎಂದು ನ್ಯಾಯಾಧೀಶರು ದನಿ ಏರಿಸದೆ ಹೇಳಿದರು. ದಂಡ, ಗಡೀಪಾರು. ಆದೇಶವನ್ನು ನಾನು ಕನ್ನಡದಲ್ಲಿ ಹೇಳಿದೆ. ಮುನಿರಾಜು ಕೇಳಿದ್ದು ಒಂದೇ ಪ್ರಶ್ನೆ.

"ಕರುಗಳನ್ನ ಯಾರು ನೋಡ್ಕೊಳ್ತಾರೆ ಮೇಡಂ?"

ಮೇಲ್ಮನವಿ ಹಾಕಿದೆವು, ವಜಾ ಆಯಿತು. ಮುನಿರಾಜುವನ್ನು ವಿಮಾನ ಹತ್ತಿಸಿ ಕಳಿಸಿದರು. ಫಾರಂನಲ್ಲಿ ಅವನ ಪಾಳಿಗೆ ಜನ ಸಿಗದೆ ಮ್ಯಾನೇಜರು ಕೂಗಾಡುತ್ತಿದ್ದರು. ಹಸುಗಳಿಗೆ ಕೋರ್ಟಿನ ಆದೇಶ ಗೊತ್ತಾಗುವುದಿಲ್ಲವಲ್ಲ.

ಅದಾದ ಮೇಲೆ ಒಂದು ಬೆಳಿಗ್ಗೆ ನಾನು ಹಾಲು ಕರೆಯುವ ಶೆಡ್ಡಿಗೆ ಹೋದಾಗ ಬಾಗಿಲಲ್ಲಿ ಗಲೀನಾ ನಿಂತಿದ್ದಳು. ರಬ್ಬರ್ ಬೂಟು, ತಲೆಗೆ ಬಿಗಿದ ವಸ್ತ್ರ, ಮೇಲೆ ಹಳೆಯ ಬಿಳಿ ಕೋಟು. ಮ್ಯಾನೇಜರಿಗೆ ಹೇಳುತ್ತಿದ್ದಳು:

"ಅವನು ನಿಲ್ಲೋ ಜಾಗ ಯಾವುದು ತೋರ್ಸು. ಇವತ್ತೊಂದು ದಿನ ನಾನು ನಿಲ್ತೀನಿ."

ಮ್ಯಾನೇಜರು ನನ್ನ ಮುಖ ನೋಡಿದರು. ನಾನು ಅವಳನ್ನು ಪಕ್ಕಕ್ಕೆ ಕರೆದು, ಅವನು ಹೋಗಿಯಾಯಿತು, ಇನ್ನು ಯಾರಿಗಾಗಿ ಎಂದು ಕೇಳಿದೆ.

"ಹೋದರೆ ನನ್ನ ಮಾತೂ ಹೋಯ್ತಾ?" ಎಂದಳು. ಆಮೇಲೆ ನನ್ನ ಕಣ್ಣಿನಲ್ಲಿ ಏನು ಕಂಡಳೋ, ಗಡುಸಾಗಿ ಸೇರಿಸಿದಳು: "ಮನಸ್ಸು ಬದಲಾಯ್ತು ಅಂದ್ಕೋಬೇಡ. ಹೊರಗಿನವರು ಜಾಸ್ತಿಯಾದ್ರು ಅಂತ ಈಗಲೂ ಹೇಳ್ತೀನಿ. ಅದು ಬೇರೆ, ಇದು ಬೇರೆ."

ಅವಳಿಗೆ ಪರ್ಮಿಟ್ ಬೇಕಿರಲಿಲ್ಲ, ಪರೀಕ್ಷೆ ಬೇಕಿರಲಿಲ್ಲ. ಅದು ಅವಳ ದೇಶ. ಹೊಸ ಯಂತ್ರಗಳು ಮೊದಲು ಕೈಗೆ ಬಗ್ಗಲಿಲ್ಲ, ಶ್ರೀನಿವಾಸಪುರದ ಹುಡುಗರು ತೋರಿಸಿಕೊಟ್ಟರು. ಮಂಡಿ ಹಿಡಿದುಕೊಳ್ಳುತ್ತ, ಹಸುಗಳನ್ನು ಬೈಯುತ್ತ ಪಾಳಿ ಪೂರ್ತಿ ನಿಂತಳು. ಮುಗಿದ ಮೇಲೆ ಟೀ ಕೊಟ್ಟರೂ ಕುಡಿಯಲಿಲ್ಲ. ಕೋಟು ಬಿಚ್ಚಿ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ನಡೆದಳು.

ಗುತ್ತಿಗೆ ಮುಗಿದ ಮೇಲೆ ನಾನು ಊರಿಗೆ ಬಂದೆ, ಮತ್ತೆ ಮುಂದುವರಿಸಲಿಲ್ಲ. ದುಭಾಷಿಯ ಕೆಲಸ ನನಗೆ ಕಲಿಸಿದ್ದು ಹೆಚ್ಚಿಲ್ಲ. ಒಂದು ದೇಶ ಯಾರು ತನ್ನವರು ಎಂದು ಕೇಳಿದಾಗ ಅದಕ್ಕೆ ಬೇಕಾದ ಉತ್ತರದ ಅಳತೆ ಮೊದಲೇ ನಿಗದಿಯಾಗಿರುತ್ತದೆ. ಅದಕ್ಕಿಂತ ಒಂದು ಮಾತು ಹೆಚ್ಚಾದರೆ ಹೇಳಿದವನು ಹೊರಗೆ. ನಿಜ ಮಾತನ್ನು ತಪ್ಪಿಲ್ಲದೆ ದಾಟಿಸಬಹುದು, ಅದನ್ನು ಹೇಳಿದವನನ್ನು ದಾಟಿಸುವುದು ನನ್ನ ಕೈಯಲ್ಲಿರಲಿಲ್ಲ.

ಕ್ಯಾಲನೂರಿಗೆ ಹೋಗಿ ಮುನಿರಾಜುವನ್ನು ಕಂಡೆ. ಅಣ್ಣನ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದ. ಗಲೀನಾ ಬಂದು ಅವನ ಪಾಳಿ ಮಾಡಿದ್ದನ್ನು ಹೇಳಿದರೆ ಸಮಾಧಾನವಾದೀತು ಎಂದುಕೊಂಡಿದ್ದೆ. ಪೂರ್ತಿ ಕೇಳಿಸಿಕೊಂಡು ಸಲಿಕೆ ನೆಲಕ್ಕೆ ಊರಿ ನಿಂತ.

"ಪೂರ್ತಿ ಪಾಳಿ ನಿಂತ್ರಾ?"

"ಪೂರ್ತಿ."

"ಅವ್ವಂಗೆ ಮಂಡಿ ನೋವು ಅಂತ ನಿಮಗೆ ಗೊತ್ತಿತ್ತಲ್ಲ ಮೇಡಂ," ಎಂದ. ಅವನು ನನ್ನ ಮೇಲೆ ಸಿಟ್ಟಾಗಿದ್ದು ಅದೇ ಮೊದಲು. "ಮಧ್ಯದಲ್ಲಿ ಒಂದು ಕುರ್ಚಿನಾದ್ರೂ ಹಾಕಿಸಬಾರದಿತ್ತಾ?"