ಉಪ್ಪು ಎಳೆದ ನೀರು

ನಾನು ಮದುವೆಯಾಗಿ ಕಲ್ಯಾಣದುರ್ಗದಿಂದ ಹಿಂದೂಪುರಕ್ಕೆ ಬಂದ ಮೊದಲ ಬೇಸಿಗೆಯಲ್ಲಿ ನಮ್ಮಮ್ಮ ಒಂದು ಚೀಲ ಮಾವಿನಕಾಯಿ ಬಸ್ಸಿಗೆ ಹಾಕಿ ಕಳಿಸಿದ್ದಳು. ಅತ್ತೆ ಸಿಪ್ಪೆ ಹೆರೆದು, ಹೋಳು ಮಾಡಿ, ಉಪ್ಪು ಅರಿಸಿನ ಬೆರೆಸಿ ಜಾಡಿಗೆ ತುಂಬಿದರು.

"ಒಂದು ತೊಟ್ಟೂ ನೀರು ತಾಕ್ಬಾರ್ದು ಕಣಮ್ಮ, ಬೂಷ್ಟು ಬಂದ್ಬುಡ್ತದೆ," ಅಂದರು.

ಮೂರನೆಯ ದಿನ ಜಾಡಿಯ ಬಟ್ಟೆ ಬಿಚ್ಚಿದರೆ ಹೋಳುಗಳು ನೀರಿನಲ್ಲಿ ಮುಳುಗಿದ್ದವು. ಅತ್ತೆ ಬಾಯಿ ತೆರೆಯುವ ಮೊದಲೇ ನಾನು ಸಿಡುಕಿದೆ: "ನಾನು ಜಾಡಿ ಮುಟ್ಟೇ ಇಲ್ಲ."

"ನಿನ್ನ ಯಾರೇನಂದ್ರು? ಅದು ಕಾಯೊಳಗಿನ ನೀರೇ. ಉಪ್ಪು ಎಳ್ಕೊಂಡೈತೆ."

ಜೀವಕೋಶದ ಪೊರೆ ದಾಟಿ ನೀರು ಉಪ್ಪು ಹೆಚ್ಚಿರುವ ಕಡೆಗೆ ಸರಿಯುತ್ತದೆಂದು ಇಂಟರ್‌ಮೀಡಿಯೆಟ್ ಕಾಲೇಜಿನಲ್ಲಿ ಓದಿದ್ದೆ. ಅದು ಇಷ್ಟು ಸದ್ದಿಲ್ಲದೆ, ನಾವು ಉಂಡು ಮಲಗುವ ಮನೆಯೊಳಗೇ ನಡೆಯುತ್ತದೆಂದು ಅಂದುಕೊಂಡಿರಲಿಲ್ಲ.

ಹೋಳುಗಳನ್ನು ಹಿಂಡಿ, ನೀರನ್ನು ಜಾಡಿಯಲ್ಲೇ ಉಳಿಸಿ, ಮಾಳಿಗೆಯ ಮೇಲೆ ಬಿಸಿಲಿಗೆ ಹರವಿದೆವು. ಕಾವಲು ಕೂತ ನನಗೆ ಜೊಂಪು ಹತ್ತಿತು. ಬೀದಿ, ಬೇವಿನಮರ, ನಾನು, ಎಲ್ಲವೂ ಒಳಗಿನ ನೀರು ಬಿಟ್ಟುಕೊಟ್ಟು ಹಗುರಾಗುತ್ತಿರುವಂತೆ ಅನಿಸಿತು. ಸಂಜೆ ಅತ್ತೆ ಸುಕ್ಕಾದ ಹೋಳುಗಳನ್ನು ಅದೇ ಉಪ್ಪುನೀರಿಗೆ ಮರಳಿ ಹಾಕಿದರು. ಅವು ಮೆಲ್ಲಗೆ ಕುಡಿದು ಮೆತ್ತಗಾದವು.

ಮರುದಿನ ಅತ್ತೆ ಒಂದು ಹೋಳು ಬಾಯಿಗಿಟ್ಟು, "ಇಷ್ಟೆಲ್ಲ ಆದ್ರೂ ನಿಮ್ಮೂರಿನ ಹುಳಿ ಬಿಟ್ಟಿಲ್ಲ ನೋಡು," ಅಂದರು.

"ಬಿಡೋದೂ ಇಲ್ಲ," ಅಂದೆ.